ನಮ್ಮ ದಿನಗಳ ಲೆಕ್ಕ

ಎಲ್ಲರೂ ಕೀರ್ತನೆ 90 ತೆಗೀರಿ. ಮೊಬೈಲ್‌ನಲ್ಲಿ ಓದೋರು ಮೊಬೈಲ್‌ನಲ್ಲೇ ತೆಗೀರಿ, ಆದರೆ ವಾಟ್ಸ್‌ಆ್ಯಪ್ ಮುಚ್ಚಿಬಿಡಿ.

ತಲೆಬರಹ ನೋಡಿ. ಇದು ದಾವೀದನದಲ್ಲ, ಮೋಶೆಯ ಪ್ರಾರ್ಥನೆ. ಮನುಷ್ಯನ ಆಯುಷ್ಯ 70 ವರ್ಷ, ಬಲ ಇದ್ದರೆ 80 ಅಂತ 10ನೇ ವಚನದಲ್ಲಿ ಹೇಳ್ತಾನೆ. ಆದರೆ 12ನೇ ವಚನದಲ್ಲಿ ಅವನು ವರ್ಷ ಎಣಿಸೋಕೆ ಕಲಿಸು ಅಂತ ಬೇಡಲಿಲ್ಲ, ದಿನ ಎಣಿಸೋಕೆ ಕಲಿಸು ಅಂತ ಬೇಡಿದ. ಯಾಕೆ?

ಲೆಕ್ಕ ಹಾಕೋಣ. 70 ವರ್ಷವನ್ನು 365ರಿಂದ ಗುಣಿಸಿ, ಅಧಿಕ ವರ್ಷದ ದಿನಗಳನ್ನು ಸೇರಿಸಿ. ಸುಮಾರು 25,567 ದಿನ. ನಿಮಗೀಗ 25 ಆಗಿದ್ದರೆ, ಅದರಲ್ಲಿ 9,131 ಆಗಲೇ ಕಳೆದಿದೆ. ದಿನಕ್ಕೆ 3 ಗಂಟೆ ರೀಲ್ಸ್ ನೋಡಿದರೆ ದಿನದ ಎಂಟನೇ ಒಂದು ಭಾಗ ಹೋಯ್ತು. 40 ವರ್ಷ ಹೀಗೇ ಮಾಡಿದರೆ 5 ವರ್ಷ, ಹಗಲೂ ರಾತ್ರಿಯೂ ಸೇರಿ!

ಒಬ್ಬ ತಮ್ಮನ ವಿಷಯ, ಅವನ ಒಪ್ಪಿಗೆಯಿಂದಲೇ ಹೇಳ್ತಿದ್ದೀನಿ. ಅವನು ಅಪ್ಪನ ಜೊತೆ ಮಾತು ಬಿಟ್ಟಿದ್ದ. ವರ್ಷಕ್ಕೆ ಎರಡು ಸಲ ಊರಿಗೆ ಹೋಗ್ತಾನೆ, ಹೋದಾಗ ಎರಡು ದಿನ ಇರ್ತಾನೆ. "ಅಪ್ಪನಿಗೆ ಈಗ 62, ಪಾಸ್ಟರ್. ನಿಧಾನಕ್ಕೆ ಸರಿಹೋಗುತ್ತೆ" ಅಂದ. ಒಂದು ಪೇಪರ್ ತಗೊಂಡ್ವಿ. ಅಪ್ಪ 80ರವರೆಗೆ ಇದ್ದರೂ ಇನ್ನು 18 ವರ್ಷ. ವರ್ಷಕ್ಕೆ 4 ದಿನದಂತೆ 72 ದಿನ. ಎರಡೂವರೆ ತಿಂಗಳೂ ಇಲ್ಲ. ಅವನು ಆ ಪೇಪರನ್ನೇ ನೋಡ್ತಾ ಕೂತ. ಆಮೇಲೆ, "ನಾನೇ ಮೊದಲು ಮಾತಾಡ್ಬೇಕಾ?" ಅಂತ ಕೇಳಿದ. ಮತ್ತಾಯ 5:24 ಓದು ಅಂದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಒಂದಾಗು ಅಂತ ಯೇಸುಸ್ವಾಮಿ ಅಲ್ಲಿ ಹೇಳಿದ್ದಾರೆ.

ಪ್ರಿಯರೇ, 18 ವರ್ಷ ಅಂದಾಗ ನಮಗೆ ನಿದ್ದೆ ಬರುತ್ತೆ. 72 ದಿನ ಅಂದಾಗ ಎಚ್ಚರ ಆಗುತ್ತೆ. ಮೋಶೆ ಕೇಳಿದ ಜ್ಞಾನದ ಹೃದಯ ಈ ಎಚ್ಚರವೇ.

ಆದರೆ ಲೆಕ್ಕ ಹಾಕಿ ಹೆದರಬೇಡಿ. ಈ ಪ್ರಾರ್ಥನೆ ಮಾಡಿದವನು ಅರಣ್ಯದಲ್ಲಿ 40 ವರ್ಷ ಜನರನ್ನು ನಡೆಸಿದವನು. ಸುಮಾರು 14,600 ದಿನ! ಅಷ್ಟಕ್ಕೂ ಬೇಕಾದ ಧಾನ್ಯವನ್ನು ದೇವರು ಒಂದೇ ಸಲ ಕಣಜ ತುಂಬಿ ಕೊಡಲಿಲ್ಲ. ವಿಮೋಚನಕಾಂಡ 16 ಓದಿ. ಬೆಳಿಗ್ಗೆ ಎದ್ದರೆ ತಲೆಗೆ ಒಂದು ಓಮೆರ್ ಮನ್ನ. ನಾಳೆಗೆ ಅಂತ ಮುಚ್ಚಿಟ್ಟರೆ ಹುಳ ಬಿತ್ತು. ಸಬ್ಬತ್ತಿಗಾಗಿ ಆರನೇ ದಿನ ಮಾತ್ರ ಎರಡು ಪಾಲು. 40 ವರ್ಷದ ಕೃಪೆಯನ್ನು ದೇವರೇ ದಿನದ ಲೆಕ್ಕಕ್ಕೆ ಇಳಿಸಿ ಕೊಟ್ಟರು. ಹಲ್ಲೆಲೂಯ! ನಾಳೆಯ ಮನ್ನ ಇವತ್ತು ನಿಮ್ಮ ಕೈಯಲ್ಲಿಲ್ಲ. ಇವತ್ತಿನದು ಇದೆ.

ಮನೆಗೆ ಹೋಗಿ ಒಂದು ಲೆಕ್ಕ ಹಾಕಿ. "ಇನ್ನೂ ಟೈಮ್ ಇದೆ" ಅಂತ ನೀವು ಮುಂದಕ್ಕೆ ಹಾಕಿರೋದು ಯಾವುದು? ಕ್ಷಮೆಯಾ, ದೀಕ್ಷಾಸ್ನಾನವಾ, ಅಮ್ಮನಿಗೆ ಒಂದು ಫೋನಾ? ಅದಕ್ಕೆ ಉಳಿದಿರುವ ವರ್ಷಗಳನ್ನು ದಿನಗಳಾಗಿ ಬರೀರಿ. ಮೊದಲನೇ ದಿನ ಇವತ್ತೇ.

ತಲೆ ಬಾಗಿಸೋಣ. ಕರ್ತನೇ, ನೀನು ಕೊಟ್ಟ ಈ ದಿನಕ್ಕಾಗಿ ಸ್ತೋತ್ರ. ಇದನ್ನು ನಾಳೆಗೆ ಮುಚ್ಚಿಡದ ಹಾಗೆ ನಮಗೆ ಕಲಿಸು. ಯೇಸುವಿನ ಹೆಸರಿನಲ್ಲಿ ಬೇಡುತ್ತೇವೆ, ಆಮೆನ್.