ಕೊಡುವ ತಂತಿ, ಕೊಳ್ಳುವ ತಂತಿ

ಒಂದನ್ನೊಂದು ಹೋಲದ ಎರಡು ಕೂಡಿ ಬಾಳಬೇಕಾದಾಗ ಬದಲಾಗಬೇಕಾದದ್ದು ಯಾವುದು? ಹುಟ್ಟಿದ ನಾಡನ್ನು ಬಿಟ್ಟು ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ಮನೆ ಹೂಡಿರುವ ನಮ್ಮಂಥವರಿಗೆ ಇದು ದಿನನಿತ್ಯದ ಪ್ರಶ್ನೆ. ಪೂರ್ತಿ ಇಲ್ಲಿಯವರಾಗಿಬಿಡುವುದೇ ಜಾಣತನ ಎನ್ನುವವರು ಕೆಲವರು. ಹೊಸ್ತಿಲೊಳಗೆ ಪರಭಾಷೆಯ ಸುಳಿವೂ ಕೂಡದು ಎನ್ನುವವರು ಕೆಲವರು. ಎರಡರ ನಡುವೆ ತೂಗಾಡುತ್ತಿದ್ದ ನಮಗೆ ಈ ವಿಷಯದಲ್ಲಿ ಸ್ವಲ್ಪ ಬೆಳಕು ದೊರೆತದ್ದು ಮೂರು ಎಳೆಯ ಒಂದು ತಂತಿಯಿಂದ. ಆ ಸಂಗತಿಯನ್ನು ಓದುಗರ ಮುಂದಿಡುತ್ತೇವೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾವು ಗುಮಾಸ್ತೆಯಾಗಿ ಸೇರಿದ ಹೊಸದರಲ್ಲಿ ಕಚೇರಿಯ ಹಳೆಯ ಗಣಕಯಂತ್ರವೊಂದನ್ನು ತೆಗೆದುಹಾಕಬೇಕಾಗಿತ್ತು. ಅದರೊಳಗೆ ಹಲವು ವರ್ಷಗಳ ಲೆಕ್ಕಪತ್ರವಿತ್ತು; ಅದನ್ನು ಹೊಸ ಯಂತ್ರಕ್ಕೆ ಸಾಗಿಸಬೇಕು. ಹಳೆಯದರ ಫ್ಲಾಪಿ ಐದೂಕಾಲು ಅಂಗುಲದ್ದು. ಹೊಸದರಲ್ಲಿ ಅದನ್ನು ತೂರಿಸಲು ಜಾಗವೇ ಇಲ್ಲ. ಹಳೆಯದು ಡಾಸ್, ಹೊಸದು ವಿಂಡೋಸ್. ಎರಡಕ್ಕೂ ಸಮಾನವಾಗಿದ್ದುದು ಬೆನ್ನ ಮೇಲಿನ ಒಂಬತ್ತು ಸೂಜಿಗಳ ಸೀರಿಯಲ್ ಪೋರ್ಟ್ ಒಂದೇ. ಬಿ.ಎಸ್ಸಿ. ಓದಿದವರೆಂಬ ಕಾರಣಕ್ಕೆ ಕೆಲಸ ನಮ್ಮ ಕೊರಳಿಗೆ ಬಿತ್ತು.

ಸೀರಿಯಲ್ ಪೋರ್ಟ್ ಎಂದರೆ ಅಕ್ಷರವನ್ನು ಬಿಟ್ಟುಗಳಾಗಿ ಬಿಡಿಸಿ, ಇರುವೆಯ ಸಾಲಿನಂತೆ ಒಂದರ ಹಿಂದೊಂದು ಕಳಿಸುವ ಕಿಂಡಿ. ಎಂಟು ಬಿಟ್ಟುಗಳ ಮುಂದೆ ಆರಂಭದ ಗುರುತೊಂದು, ಹಿಂದೆ ಮುಕ್ತಾಯದ ಗುರುತೊಂದು, ಒಟ್ಟು ಹತ್ತು. ಸೆಕೆಂಡಿಗೆ 9600ರ ವೇಗವಿಟ್ಟರೆ 960 ಅಕ್ಷರ ದಾಟುತ್ತವೆ. ಇದರ ಕಟ್ಟಳೆಗೆ ಆರ್‌ಎಸ್-232 ಎಂದು ಹೆಸರು. 1960ರಲ್ಲಿ ಅಮೆರಿಕದಲ್ಲಿ ಹುಟ್ಟಿ, 1969ರಲ್ಲಿ ತಿದ್ದುಪಡಿಗೊಂಡು, ದಶಕಗಳ ಕಾಲ ಜಗತ್ತೆಲ್ಲ ನಡೆಯಿತು. ಇಂದಿಗೂ ಕಾರ್ಖಾನೆಯ ಯಂತ್ರಗಳಲ್ಲಿ, ಎಲೆಕ್ಟ್ರಾನಿಕ್ ತಕ್ಕಡಿಗಳಲ್ಲಿ ಈ ಕಿಂಡಿ ಕಾಣಸಿಗುತ್ತದೆ.

ಮೊದಲ ದಿನ ಪೇಟೆಯಿಂದ ತಂದ ನೇರ ತಂತಿ ಜೋಡಿಸಿದೆವು. ಒಂದಕ್ಷರವೂ ದಾಟಲಿಲ್ಲ. ಹಳೆಯ ಯಂತ್ರ ಸತ್ತಿದೆ ಎಂದು ಎಲ್ಲರೂ ತೀರ್ಪಿತ್ತರು. ಆದರೆ ಯಂತ್ರ ಸತ್ತಿರಲಿಲ್ಲ. ಈ ಕಿಂಡಿಯಲ್ಲಿ ಎರಡನೆಯ ಸೂಜಿ ಕಿವಿ, ಮೂರನೆಯದು ಬಾಯಿ. ಯಂತ್ರವನ್ನು ಟೆಲಿಫೋನಿನ ಮೋಡೆಮ್ಮಿಗೆ ಸೇರಿಸಲೆಂದು ಹುಟ್ಟಿದ ಕಟ್ಟಳೆಯಾದ್ದರಿಂದ, ಒಂದರ ಬಾಯಿಗೆ ಇನ್ನೊಂದರ ಕಿವಿ ಎದುರಾಗುವಂತೆ ಅಲ್ಲಿ ಮೊದಲೇ ಏರ್ಪಾಡಿದೆ. ಎರಡೂ ಗಣಕಯಂತ್ರಗಳೇ ಆದರೆ ಬಾಯಿಗೆ ಬಾಯಿ ಸೇರುತ್ತದೆ, ಕಿವಿಗೆ ಕಿವಿ. ಇಬ್ಬರೂ ಮಾತನಾಡುತ್ತಾರೆ, ಯಾರಿಗೂ ಕೇಳಿಸದು! ಸರೀಕರ ನಡುವೆ ಮಾತು ನಡೆಯಬೇಕಾದರೆ ತಂತಿಯನ್ನು ಅಡ್ಡ ಹಾಯಿಸಬೇಕು: ಎರಡನ್ನು ಮೂರಕ್ಕೆ, ಮೂರನ್ನು ಎರಡಕ್ಕೆ. ಉಳಿದದ್ದು ಐದನೆಯ ಸೂಜಿ, ಅದು ನೆಲ. ಅದನ್ನು ಮಾತ್ರ ನೇರವಾಗಿ ಐದಕ್ಕೇ ಸೇರಿಸಬೇಕು. ಐದು ವೋಲ್ಟ್ ಎಂದರೆ ಯಾವುದಕ್ಕೆ ಹೋಲಿಸಿ ಐದು? ಇಬ್ಬರಿಗೂ ಒಂದೇ ನೆಲವಿಲ್ಲದಿದ್ದರೆ ಹೆಚ್ಚು ಕಡಿಮೆ ಎಂಬ ಮಾತಿಗೇ ಅರ್ಥವಿಲ್ಲ.

ಎರಡನೆಯ ದಿನ ಹಾಗೆಯೇ ಮಾಡಿದೆವು. ಅಕ್ಷರಗಳು ಬಂದವು, ಆದರೆ ಎಲ್ಲ ಹುಚ್ಚುಹುಚ್ಚಾಗಿ. ಹಳೆಯದು 4800ರ ವೇಗದಲ್ಲಿ ಹೇಳುತ್ತಿತ್ತು, ಹೊಸದು 9600ರಲ್ಲಿ ಕೇಳುತ್ತಿತ್ತು. ಹೊಸದರ ವೇಗವನ್ನು 4800ಕ್ಕೆ ಇಳಿಸಿದೊಡನೆ ಲೆಕ್ಕಪತ್ರ ಸ್ಪಷ್ಟವಾಗಿ ಮೂಡತೊಡಗಿತು. ನಮ್ಮ ಗಮನಕ್ಕೆ ಬಂದ ಅಂಶವಿದು: ಎರಡು ದಿನ ನಾವು ತಪ್ಪನ್ನು ಒಮ್ಮೆ ಆ ಯಂತ್ರದ ಮೇಲೆ, ಒಮ್ಮೆ ಈ ಯಂತ್ರದ ಮೇಲೆ ಹೊರಿಸಿದ್ದೆವು. ತಪ್ಪು ಎರಡರಲ್ಲೂ ಇರಲಿಲ್ಲ, ಒಪ್ಪಂದದಲ್ಲಿತ್ತು. ವೇಗದವನು ಇಳಿಯಬಲ್ಲ, ನಿಧಾನದವನು ಏರಲಾರ. ಆದ್ದರಿಂದ ಇಳಿಯುವ ಹೊಣೆ ವೇಗದವನದೇ.

ಕಡತ ಸಾಗಿಸಲು ಬಳಸಿದ್ದು ಕರ್ಮಿಟ್ ಎಂಬ ವಿಧಾನ. ದೊಡ್ಡ ಯಂತ್ರ, ಸಣ್ಣ ಯಂತ್ರಗಳ ನಡುವೆ ಕಡತ ಸಾಗಲೆಂದು 1981ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅದನ್ನು ರಚಿಸಿದರು. ಅದರಲ್ಲಿ ಪ್ರತಿಯೊಂದು ಕಟ್ಟು ತಲುಪಿದಾಗಲೂ ಕೇಳುವವನು 'ಬಂತು' ಎಂದೋ 'ಕೆಟ್ಟಿದೆ, ಮತ್ತೆ ಕಳಿಸು' ಎಂದೋ ಹೇಳಲೇಬೇಕು. ಕಡತ ಹೋಗುವುದು ಒಂದೇ ದಿಕ್ಕಿಗೆ; ಮಾತು ಮಾತ್ರ ಎರಡೂ ದಿಕ್ಕಿಗೆ. ಹಿಂದಿರುಗುವ ತಂತಿ ತುಂಡಾದರೆ ಮುಂದಿನದೂ ನಿಲ್ಲುತ್ತದೆ.

ಇದಕ್ಕೆ ಪ್ರತಿಯಾದ ಉದಾಹರಣೆ ನಮ್ಮ ಅಹಮದಾಬಾದಿನದೇ ಇದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಎಟಿಎಸ್-6 ಎಂಬ ಅಮೆರಿಕದ ಉಪಗ್ರಹದ ನೆರವಿನಿಂದ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಹೋದವು. ಇಲ್ಲಿಯ ಭೂಕೇಂದ್ರ ಆ ಪ್ರಯೋಗದ ಮುಖ್ಯ ಅಂಗವಾಗಿತ್ತು; ಆ ಹಳ್ಳಿಗಳಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳವೂ ಇದ್ದವು. ದೊಡ್ಡ ಸಾಧನೆ, ಸಂಶಯವಿಲ್ಲ. ಆದರೆ ಹಳ್ಳಿಯವನು ಆ ಪೆಟ್ಟಿಗೆಗೆ 'ತಡೆಯಪ್ಪಾ, ತಿಳಿಯಲಿಲ್ಲ' ಎನ್ನುವಂತಿರಲಿಲ್ಲ. ಕೇಳಿದವರ ಅಭಿಪ್ರಾಯವನ್ನು ಸಂಶೋಧಕರು ಹಳ್ಳಿಗೇ ಹೋಗಿ ಸಂಗ್ರಹಿಸಬೇಕಾಯಿತು. ತಲುಪುವುದು ಬೇರೆ, ಸಂಬಂಧ ಬೇರೆ. ನಮ್ಮ ಹಿರಿಯರು ಸಂಬಂಧವನ್ನು 'ಕೊಟ್ಟು ತರುವುದು' ಎಂದು ಕರೆದದ್ದು ಸುಮ್ಮನಲ್ಲ.

ಇಷ್ಟೆಲ್ಲ ತಿಳಿದಿದ್ದೂ ನಮ್ಮ ಮನೆಯಲ್ಲೇ ನಾವು ಎಡವಿದೆವು. ತಂದೆಯವರು ತೀರಿಕೊಂಡ ಮೇಲೆ ನಮ್ಮ ತಾಯಿಯವರು ಹಾವೇರಿಯಿಂದ ಇಲ್ಲಿಗೆ ಬಂದರು. ಮಗನಿಗೆ ಆಗ ಆರು ವರ್ಷ. ಬಾಯಿ ತೆರೆದರೆ ಗುಜರಾತಿ. 'ಏನಂತಾನ ಇಂವ?' ಎಂದು ತಾಯಿ, 'ಅಜ್ಜಿ ಶುಂ ಕಹೇ ಛೇ?' ಎಂದು ಮಗ, ಇಬ್ಬರೂ ನಮ್ಮ ಮುಖ ನೋಡುವರು. ನಾವು ಅತ್ತಿಂದಿತ್ತ ಅನುವಾದ ಮಾಡುತ್ತ, ಅದನ್ನೇ ದೊಡ್ಡ ಸೇವೆಯೆಂದು ಭಾವಿಸಿದ್ದೆವು. ಒಂದು ಮಧ್ಯಾಹ್ನ ಮನೆಯಲ್ಲಿ ಅವರಿಬ್ಬರೇ ಇದ್ದಾಗ ಹುಡುಗ 'ಪೇಟ್‌ಮಾಂ ದುಖೇ ಛೇ' ಎಂದು ಅತ್ತನಂತೆ. ಹೊಟ್ಟೆ ನೋಯುತ್ತಿದೆ ಎಂದು ಅದರರ್ಥ. ತಾಯಿಯವರ ಕಿವಿಗೆ ಬಿದ್ದದ್ದು ಪ್ಯಾಟಿ. 'ನಾಳೆ ಪ್ಯಾಟಿಗೆ ಹೋಗೂಣಂತ, ಸುಮ್ಕಿರಪಾ' ಎಂದು ಸಂಜೆಯವರೆಗೂ ಸಮಾಧಾನ ಮಾಡಿದರು. ನಾವು ಬರುವ ಹೊತ್ತಿಗೆ ಮಗು ಮುದುಡಿ ಮಲಗಿತ್ತು. ವೈದ್ಯರ ಔಷಧಿಯಿಂದ ಗುಣವಾಯಿತೆನ್ನಿ. ಆದರೆ ಆ ರಾತ್ರಿ ನಾವು ಮೊದಲು ತಾಯಿಯ ಮೇಲೆ, ಆಮೇಲೆ ಮಗನ ಮೇಲೆ ಸಿಡುಕಿದೆವು. ಕಚೇರಿಯ ಆ ಎರಡು ದಿನ ನೆನಪಾದದ್ದು ತಡವಾಗಿ. ಇಬ್ಬರಲ್ಲೂ ದೋಷವಿರಲಿಲ್ಲ. ನಡುವೆ ನಿಂತು, ಅವರು ನೇರವಾಗಿ ಕೂಡುವ ಅಗತ್ಯವೇ ಬಾರದಂತೆ ಮಾಡಿದವರು ನಾವು.

ಅಂದಿನಿಂದ ನಾವು ಅನುವಾದ ನಿಲ್ಲಿಸಿದೆವು. ಸಂಜೆ ಒಂದು ಗಂಟೆ ಇಬ್ಬರೂ ಎದುರುಬದುರು ಕೂರುವರು. ಸಮಾನ ನೆಲ ಹುಡುಕಿದಾಗ ನಾವೆಣಿಸಿದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಹಾವೇರಿಯ ಬಟಾಟಿ ಇಲ್ಲಿ ಬಟಾಟಾ, ದವಾಖಾನಿ ಇಲ್ಲಿ ದವಾಖಾನುಂ, ಕುರ್ಚಿ ಇಲ್ಲಿ ಖುರಶಿ. ಕ ಖ ಗ ಘ ಎಂಬ ವರ್ಣಮಾಲೆಯ ಕ್ರಮವಂತೂ ಒಂದೇ. ಈ ಒಂದೇತನವನ್ನು ನೆಚ್ಚಿಯೇ 1991ರಲ್ಲಿ ಭಾರತೀಯ ಮಾನಕ ಬ್ಯೂರೊ ಒಪ್ಪಿದ ಇಸ್ಕಿ ಎಂಬ ಸಂಕೇತದಲ್ಲಿ ಕನ್ನಡದ ಕಕಾರಕ್ಕೂ ಗುಜರಾತಿಯ ಕಕಾರಕ್ಕೂ 179 ಎಂಬ ಒಂದೇ ಸಂಖ್ಯೆಯಿತ್ತು. ಲಿಪಿ ಯಾವುದೆಂದು ಹೇಳಿದರೆ ಆ ರೂಪ ಮೂಡುತ್ತಿತ್ತು. ಆದರೆ ನಮ್ಮ ಹ್ರಸ್ವ ಎ, ಒ ಗುಜರಾತಿ ಲಿಪಿಯಲ್ಲಿಲ್ಲ. ಅಲ್ಲಿ ಬರೆದರೆ 'ಕೊಡು' ಯಾವುದು, 'ಕೋಡು' ಯಾವುದು ತಿಳಿಯದು. ಮಗ ಅಜ್ಜಿಗೆ 'ನೀರು ಕೋಡು' ಎಂದು ಕೇಳಿ ನಗಿಸಿದ್ದುಂಟು. ನೆಲ ಒಂದಾದ ಮಾತ್ರಕ್ಕೆ ಮನೆ ಒಂದಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಹಳೆಯ ಯಂತ್ರ ಕೊನೆಯವರೆಗೂ ಡಾಸ್ ಆಗಿಯೇ ಇತ್ತು, ಹೊಸದು ವಿಂಡೋಸ್ ಆಗಿಯೇ ಇತ್ತು. ಲೆಕ್ಕ ಮಾತ್ರ ಒಂದು ರೂಪಾಯಿಯೂ ತಪ್ಪದೆ ದಾಟಿತು.

ಯಂತ್ರಕ್ಕೆ ಮಾನಾಪಮಾನವಿಲ್ಲ, ಮನುಷ್ಯನಿಗುಂಟು ಎಂದು ಓದುಗರು ಆಕ್ಷೇಪಿಸಬಹುದು. ನಿಜ. ಹೊರಗಿನ ಸಮಾಜದಲ್ಲಿ ಬಂದವರೇ ಹೆಚ್ಚು ಕಲಿಯಬೇಕಾಗುತ್ತದೆ. ಬಂದವರು ನಾವಾದ್ದರಿಂದ ಅದು ಅನ್ಯಾಯವೆಂದು ನಮಗೆ ತೋರುವುದಿಲ್ಲ. ಆದರೆ ಮನೆಯೊಳಗೆ ವೇಗ ಗೊತ್ತುಮಾಡುವ ಹಕ್ಕು ನಿಧಾನದವರಿಗೆ, ಅಂದರೆ ಹಿರಿಯರಿಗೆ, ಸಲ್ಲಬೇಕು. ಬಾಯಿಯ ಎದುರು ಕಿವಿಯೊಂದನ್ನು ಇಡುವ ಹೊಣೆ ಮಾತ್ರ ಇಬ್ಬರದು.

ಮಗನ ಕನ್ನಡ ಇಂದಿಗೂ ಅಷ್ಟಕ್ಕಷ್ಟೆ. ತಾಯಿಯವರ ಗುಜರಾತಿ ಕೇಳಿದರೆ ನೆರೆಮನೆಯವರು ನಗುತ್ತಾರೆ. ಆದರೆ ಹೊಟ್ಟೆನೋವು ಈಗ ಹೊಟ್ಟೆನೋವಾಗಿಯೇ ತಲುಪುತ್ತದೆ.