ಲಯ ಹಳಿಯಲ್ಲಿದೆಯೋ, ಕಿವಿಯಲ್ಲಿದೆಯೋ?

ಕೋಪರಿ ಇರುವುದು ಮುಂಬೈ ಬಳಿಯ ಠಾಣೆ ರೈಲು ನಿಲ್ದಾಣದ ಪೂರ್ವದ ಮಗ್ಗುಲಲ್ಲೇ. 1853ರ ಏಪ್ರಿಲ್ 16ರಂದು ಮುಂಬೈಯ ಬೋರಿ ಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಇದೇ ಠಾಣೆಯಲ್ಲಿ. ಇಂದು ಲೋಕಲ್ ರೈಲುಗಳ ಸದ್ದನ್ನು ನಾವು ಗದ್ದಲ ಎಂದು ತಳ್ಳಿಹಾಕುತ್ತೇವೆ. ಗದ್ದಲವೆಂಬುದು ಸದ್ದಿನ ಗುಣವೋ, ಕೇಳುವವರ ಗುಣವೋ?

13ನೇ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿದ್ದ ಶಾರ್ಙ್ಗದೇವ ತನ್ನ ‘ಸಂಗೀತರತ್ನಾಕರ’ದಲ್ಲಿ ನಾದವನ್ನು ಎರಡಾಗಿ ವಿಂಗಡಿಸಿದ. ಯೋಗಿಗಳು ತಮ್ಮೊಳಗೆ ಅರಸುವುದು ಅನಾಹತ. ಒಂದಕ್ಕೊಂದು ತಾಗಿ ಹುಟ್ಟುವುದು ಆಹತ. ಲೋಕವನ್ನು ರಂಜಿಸುವುದು ಆಹತವೇ ಎಂಬುದು ಅವನ ನಿಲುವು. ವೀಣೆಯ ತಂತಿ, ಮದ್ದಳೆಯ ಚರ್ಮ ನುಡಿಯುವುದು ತಾಗಿದಾಗ; ಹಳಿಯ ಮೇಲಿನ ಗಾಲಿಯೂ ಹಾಗೆಯೇ. ಹಾಗೆಂದು ತಾಗಿ ಹುಟ್ಟಿದ್ದೆಲ್ಲ ಸಂಗೀತವಾಗುವುದಿಲ್ಲ. ನಡುವೆ ಕೇಳುವವರ ಕೆಲಸವೊಂದಿದೆ.

ಆ ಕೆಲಸವನ್ನು ಬಿಡಿಸಿ ತೋರಿಸಿದವನು ಫ್ರಾನ್ಸಿನ ಪಿಯರ್ ಶೆಫರ್. ಕುಕ್ಕರ್ ಕೂಗಿದರೆ ಬೇಳೆ ಬೆಂದಿತೆನ್ನುತ್ತೇವೆ, ಹಾರ್ನ್ ಕೇಳಿದರೆ ಲೋಕಲ್ ಬಂತೆನ್ನುತ್ತೇವೆ. ಕಾರಣ ತಿಳಿದ ಕೂಡಲೇ ಸದ್ದನ್ನು ಮರೆಯುತ್ತೇವೆ. 1948ರಲ್ಲಿ ಶೆಫರ್ ಪ್ಯಾರಿಸಿನ ರೈಲುಗಳ ಸದ್ದನ್ನು ಮುದ್ರಿಸಿಕೊಂಡು, ಅದರಿಂದಲೇ ಒಂದು ಸಂಗೀತ ಕೃತಿ ಕಟ್ಟಿದ. ಧ್ವನಿಮುದ್ರಿಕೆಯ ಒಂದೇ ತುಣುಕನ್ನು ಮತ್ತೆ ಮತ್ತೆ ಕೇಳಿದಂತೆ ರೈಲು ಮನಸ್ಸಿನಿಂದ ಹಿಂದೆ ಸರಿಯುತ್ತದೆ. ಸದ್ದಿನ ಏರಿಳಿತ, ತೂಕ, ನಡೆ ಎದುರು ನಿಲ್ಲುತ್ತವೆ. ಕಾರಣವನ್ನು ಬದಿಗಿಟ್ಟು ಸದ್ದನ್ನೇ ಕೇಳುವ ಈ ಬಗೆ ಅವನ ಚಿಂತನೆಯ ತಿರುಳು.

ಕೋಪರಿಯಲ್ಲಿ ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಹಳಿಗಳು ಕವಲೊಡೆಯುವಲ್ಲಿ ಲೋಕಲ್ ಹಾಯುವಾಗ, ಒಂದು ಬೋಗಿಯ ಹಿಂದಿನ ಎರಡು ಜೋಡಿ ಗಾಲಿ, ಮುಂದಿನ ಬೋಗಿಯ ಮೊದಲ ಎರಡು ಜೋಡಿ ಗಾಲಿ ಒಂದರ ಹಿಂದೊಂದು ಬಡಿಯುತ್ತವೆ: ತಕ, ತಕ. ಆಮೇಲೆ ಬೋಗಿಯ ನಡುಭಾಗ ಹಾಯುವಷ್ಟು ಬಿಡುವು. ವೇಗ ಹೆಚ್ಚಿದರೆ ಪೆಟ್ಟುಗಳ ನಡುವಿನ ಅಂತರ, ಬಿಡುವು ಎರಡೂ ಒಂದೇ ಪ್ರಮಾಣದಲ್ಲಿ ಕಿರಿದಾಗುತ್ತವೆ. ವಿಳಂಬದ ತಾಳ ದ್ರುತಕ್ಕೆ ಹೋಗುವುದೂ ಹೀಗೆಯೇ. ಈ ಪ್ರಮಾಣ ಹಳಿಯ ಮೇಲೆ ನಿಜವಾಗಿಯೂ ಇದೆ. ಅದನ್ನು ಲಯವೆಂದು ಹಿಡಿಯುವುದು ಕಿವಿ. ಎರಡರಲ್ಲಿ ಒಂದಿಲ್ಲದಿದ್ದರೂ ಸಂಗೀತವಿಲ್ಲ.

ಅದೇ 1948ರಲ್ಲಿ ಕನ್ನಡಿಗರೊಬ್ಬರು ಈ ತತ್ತ್ವವನ್ನು ಬದುಕಲು ತೊಡಗಿದರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿ, ಮುಂಬೈಯಲ್ಲಿ ಬಿ. ಆರ್. ದೇವಧರರ ಬಳಿ ಕಲಿತ ಗಾಯಕ ಕುಮಾರ ಗಂಧರ್ವರು ಕ್ಷಯಕ್ಕೆ ತುತ್ತಾಗಿ ಆ ವರ್ಷ ಮಾಳವದ ದೇವಾಸಕ್ಕೆ ಹೋದರು. ಹಾಡಬಾರದೆಂದು ವೈದ್ಯರ ಕಟ್ಟಪ್ಪಣೆ. ಹಾಸಿಗೆ ಹಿಡಿದವರ ಕಿವಿಗೆ ಮಾಳವದ ಜನರ ಹಾಡುಗಳು ಬೀಳುತ್ತಿದ್ದವು. ಆ ಧಾಟಿಗಳ ಒಳಗಿನ ಸ್ವರಸಂಬಂಧಗಳನ್ನು ಹುಡುಕಿದ ಅವರು ಮುಂದೆ ಹೊಸ ರಾಗಗಳನ್ನೇ ರೂಪಿಸಿ, ಧಾಟಿಯಿಂದ ಹುಟ್ಟಿದವು ಎಂಬರ್ಥದಲ್ಲಿ ಅವನ್ನು ‘ಧುನ್ ಉಗಮ’ ಎಂದು ಕರೆದರು. ಬೀದಿ ಕೊಟ್ಟದ್ದು ಧಾಟಿ. ರಾಗವಾಗಿಸಿದ್ದು ಅವರ ಆಲಿಕೆ ಮತ್ತು ಸಾಧನೆ.

ಕೇಳುವವರ ಮೇಲೆ ಇಷ್ಟು ಹೊಣೆಯಿದೆ ಎಂದ ಮಾತ್ರಕ್ಕೆ ಸದ್ದು ಮಾಡುವವರ ಹೊಣೆ ಕಳೆಯುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ಎಡೆಬಿಡದ ಅಬ್ಬರದಲ್ಲಿ ಕಿವಿಗೆ ಆಯ್ದು ಕೇಳುವ ಸ್ವಾತಂತ್ರ್ಯವಿರುವುದಿಲ್ಲ. ಆ ಸ್ವಾತಂತ್ರ್ಯವಿಲ್ಲದೆ ಆಲಿಕೆಯೂ ಇಲ್ಲ. ನಗರದ ಸದ್ದಿನಲ್ಲಿ ಸಂಗೀತ ಬೇಕೆನ್ನುವವರು ಅದಕ್ಕಾಗಿ ನಗರದ ಮೌನವನ್ನೂ ಕಾಯಬೇಕು.