ಮೈಯಿಂದ ತೆಗೆದ ಚೂರು ಯಾರ ಸೊತ್ತು?

ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯಲ್ಲಿ ನಮ್ಮ ನೆರೆಯ ವೃದ್ಧೆಯೊಬ್ಬರು ಬೆಂಗಳೂರಿನಲ್ಲಿ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಮರಳಿದ್ದರು. ಕ್ಷೇಮ ವಿಚಾರಿಸಲು ಹೋದಾಗ ಅವರು ಕೇಳಿದರು: “ಮೇಷ್ಟ್ರೇ, ನನ್ನ ಮೈಯಿಂದ ತೆಗೆದ ಚೂರು ಈಗ ಎಲ್ಲೈತೆ? ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ್ರು. ಅದರಾಗೇನು ಬರೆದಿತ್ತೋ.”

ಓದುಗರೇ, ಈ ಪ್ರಶ್ನೆ ಕ್ಷುಲ್ಲಕವಲ್ಲ.

ಪರೀಕ್ಷೆಗೆ ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿ ವರ್ಷಗಟ್ಟಲೆ ಕಾಪಾಡುತ್ತಾರೆ. ಆದರೆ ಬರಿಯ ಚೂರು ಮೂಕ. ರೋಗಿಯ ವಯಸ್ಸು, ಹೊಗೆಸೊಪ್ಪಿನ ಚಟ, ಪಡೆದ ಚಿಕಿತ್ಸೆ, ಅದರ ಫಲ ಇವೆಲ್ಲ ಜೊತೆಗಿದ್ದರೆ ಮಾತ್ರ ಅದು ಮಾತಾಡುತ್ತದೆ. ಅಪರೂಪದ ಕ್ಯಾನ್ಸರಾದರೆ ಒಂದು ಆಸ್ಪತ್ರೆಗೆ ಬರುವ ರೋಗಿಗಳು ಬೆರಳೆಣಿಕೆಯವರು. ಹಲವು ಸಂಸ್ಥೆಗಳ ಮಾಹಿತಿ ಕೂಡದೆ ಅಲ್ಲಿ ಸತ್ಯ ಹೊರಬೀಳದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿ 1982ರಿಂದ ನಗರದ ವಿವಿಧ ಆಸ್ಪತ್ರೆಗಳ ರೋಗಿಗಳ ವಿವರವನ್ನು ಒಂದೆಡೆ ಸೇರಿಸುತ್ತಿದೆ. ಅಲ್ಲಿ ಸೇರುವುದು ಚೂರುಗಳಲ್ಲ, ವಿವರಗಳು. ಆದರೂ ಕೂಡಿಸಿದ ಮಾಹಿತಿಯ ಬೆಲೆಯನ್ನು ಅದು ತೋರಿಸಿಕೊಟ್ಟಿದೆ.

ಹಾಗಾದರೆ ಎಲ್ಲವನ್ನೂ ಎಲ್ಲರಿಗೂ ಕೊಟ್ಟುಬಿಡಬಹುದೇ? 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಬಡ ಕಪ್ಪು ಮಹಿಳೆಯ ಗಡ್ಡೆಯಿಂದ, ಆಕೆಯನ್ನು ಕೇಳದೆಯೇ ಜೀವಕೋಶಗಳನ್ನು ತೆಗೆಯಲಾಯಿತು. ಆಕೆ ಅದೇ ವರ್ಷ ತೀರಿಕೊಂಡಳು. ಕೋಶಗಳು ಮಾತ್ರ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಾ ಲೋಕವೆಲ್ಲ ಹರಡಿದವು. ಅದರಿಂದ ಮಾನವಕುಲಕ್ಕೆ ಒಳಿತಾದುದು ನಿಜ. ಆದರೆ ಮನೆಯವರಿಗೆ ವಿಷಯ ತಿಳಿದದ್ದು ಎರಡು ದಶಕಗಳ ಬಳಿಕ. 2013ರಲ್ಲಿ ಆ ಕೋಶಗಳ ವಂಶವಾಹಿ ಮಾಹಿತಿಯನ್ನೂ ಅವರನ್ನು ಕೇಳದೆ ಪ್ರಕಟಿಸಲಾಯಿತು. ಕುಟುಂಬ ಆಕ್ಷೇಪಿಸಿದ ಮೇಲೆ, ಯಾರಿಗೆ ಆ ಮಾಹಿತಿ ಕೊಡಬೇಕೆಂದು ಪರಿಶೀಲಿಸುವ ಸಮಿತಿಯಲ್ಲಿ ಅವರಿಗೂ ಸ್ಥಾನ ದೊರೆಯಿತು.

ನನ್ನ ದೃಷ್ಟಿಯಲ್ಲಿ ಈ ಚೂರು ಆಸ್ಪತ್ರೆಯ ಸೊತ್ತಲ್ಲ, ಬಿಸಾಡಿದ ಕಸವೂ ಅಲ್ಲ. ಅದೊಂದು ಅಮಾನತ್. ಅಮಾನತಿನಲ್ಲಿ ಎರಡು ಬಗೆಯುಂಟು. ನೆರೆಯವರು ಇಟ್ಟುಹೋದ ಒಡವೆಯನ್ನು ಮುಟ್ಟದೆ ಮರಳಿಸಬೇಕು. ಆದರೆ ಬಾವಿ ತೋಡಿಸಲೆಂದು ಊರವರು ಒಪ್ಪಿಸಿದ ಹಣವನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು ಕುಳಿತವನು ಕಳ್ಳನಲ್ಲದಿದ್ದರೂ ನಂಬಿಕೆ ಉಳಿಸಿಕೊಂಡವನಲ್ಲ. ಸಂಶೋಧನೆಗೆಂದು ಕೊಟ್ಟ ಚೂರು ಈ ಎರಡನೆಯ ಬಗೆಯದು. ತನ್ನ ಕೀರ್ತಿಗಾಗಿ ಅದರ ಮಾಹಿತಿಯನ್ನು ಬಚ್ಚಿಡುವ ಸಂಸ್ಥೆಯೂ ತಪ್ಪಿತಸ್ಥ. ಬಾವಿಯ ಹಣವನ್ನು ಬೇರೆಯದಕ್ಕೆ ವ್ಯಯಿಸಿದಂತೆ, ಕೊಟ್ಟವರು ಒಪ್ಪದ ಕೆಲಸಕ್ಕೆ ಅದನ್ನು ದಾಟಿಸುವ ಸಂಸ್ಥೆಯೂ ತಪ್ಪಿತಸ್ಥ.

ಹೆಸರು ಅಳಿಸಿದರೆ ಸಾಲದೇ ಎನ್ನುವವರಿದ್ದಾರೆ. ವಂಶವಾಹಿ ಒಬ್ಬರದೇ ಗುಟ್ಟಲ್ಲ. ತಾಯಿಯ ಚೂರಿನಲ್ಲಿ ಹೆಣ್ಣುಮಕ್ಕಳ ವಿಷಯವೂ ಅಡಗಿರಬಹುದು. ಮದುವೆಗೆ ನಿಂತ ಮಗಳಿರುವ ಮನೆಯವರಿಗೆ ಇದರ ಭಾರ ತಿಳಿದೀತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಅರಿತು ಕೊಟ್ಟ ಒಪ್ಪಿಗೆಯನ್ನು, ನೈತಿಕ ಸಮಿತಿಯ ಪರಿಶೀಲನೆಯನ್ನು ಕೇಳುತ್ತದೆ. ಅರಿಯದೆ ಒತ್ತಿದ ಹೆಬ್ಬೆಟ್ಟು ಶಾಯಿಯ ಗುರುತು ಮಾತ್ರ.

ಆ ತಾಯಿಗೆ ಇಷ್ಟು ಹೇಳಿದೆ: “ಮುಂದಿನ ತಪಾಸಣೆಗೆ ನಾನೂ ಬರುತ್ತೇನಮ್ಮ, ಕಾಗದ ಓದಿಸಿ ಕೇಳೋಣ.” ಅವರು ಸ್ವಲ್ಪ ಯೋಚಿಸಿ, “ಇನ್ನೊಬ್ಬಳಿಗೆ ಉಪಯೋಗ ಆಗಾದಾದ್ರೆ ಇಟ್ಕೊಳ್ಳಲಿ. ಕೇಳಿ ಇಟ್ಕೊಳ್ಳಲಿ ಅಷ್ಟೆ” ಎಂದರು.

ಓದು ಬಲ್ಲ ಓದುಗರೇ, ನಿಮ್ಮ ನೆರೆಯಲ್ಲಿಯೂ ಇಂಥ ಹೆಬ್ಬೆಟ್ಟುಗಳಿವೆ. ಆ ಕಾಗದವನ್ನು ಓದಿ ಹೇಳುವುದು ನಮ್ಮ ಮೇಲಿನ ಅಮಾನತ್. ಅದಕ್ಕೆ ನಾಳೆ ನಾವು ಉತ್ತರಿಸಬೇಕಾಗಿದೆ.